ಮಾವನ ಕಣ್ಣು, ಸೀರೆಯ ಸೆರಗು

ನಮ್ಮ ಕಡೆ ಒಬ್ಬರ ಕಣ್ಣಿಗೆ ಕಾಯಿಲೆ ಬಂದರೆ ಸಾಕು, ಮನೆಗೊಬ್ಬ ಕಣ್ಣಿನ ತಜ್ಞ ಹುಟ್ಟಿಕೊಳ್ಳುತ್ತಾನೆ. ನಮ್ಮಲ್ಲಿ ಹುಟ್ಟಿದವನು ನನ್ನ ಭಾವಮೈದುನ.

ಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಅದೇ ಬೀದಿಯಲ್ಲಿ ನಮ್ಮ ಮನೆ. ಅವರಿಗೆ ಗ್ಲಾಕೋಮ, ಕಣ್ಣಿನ ನರ ಸವೆಯುವ ಕಾಯಿಲೆ. ದಿನಾ ಕಣ್ಣಿಗೆ ಹನಿ ಹಾಕುತ್ತಿದ್ದವಳು ಅವರ ಮಗಳು, ಅಂದರೆ ನನ್ನ ಹೆಂಡತಿ. ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ಮಾವ ಯಾರಿಗೂ ಕಣ್ಣು ಮುಟ್ಟಲು ಬಿಡಲಿಲ್ಲ. ನಾನು ಸೀಸೆ ಹಿಡಿದು ಹೋದರೆ, "ಇರ್ಲಿ ಬಿಡ್ರಿ ಮೇಷ್ಟ್ರೇ" ಎಂದು ಮುಖ ತಿರುಗಿಸುತ್ತಿದ್ದರು. ದೃಷ್ಟಿ ಕಡಿಮೆಯಾಗುತ್ತಲೇ ಇತ್ತು.

ಖಾಲಿ ಹೊಟ್ಟೆ

ಚಳ್ಳಕೆರೆಯ ಒಂದು ಕಣ್ಣಿನ ಆಸ್ಪತ್ರೆಗೆ ಹೊಸ ಯಂತ್ರ ಬಂದಿತ್ತು. ಕಣ್ಣಿನ ನರದ ಸುತ್ತ ರಕ್ತ ಹೇಗೆ ಹರಿಯುತ್ತಿದೆ ಎಂದು ಚಿತ್ರ ತೆಗೆಯುವ ಯಂತ್ರ. ಸೂಜಿ ಚುಚ್ಚುವುದಿಲ್ಲ, ಗದ್ದ ಊರಿ ಅಲುಗಾಡದೆ ಕೂತರಾಯಿತು. ನಾನೂ ಭಾವಮೈದುನನೂ ಮಾವನನ್ನು ಕರೆದೊಯ್ದೆವು. ಮಾವ ಕೂತರು, ನಡುಗಿದರು, ಚಿತ್ರ ಕಲಸಿಹೋಯಿತು. ಮತ್ತೆ ಕೂತರು, ಮತ್ತೆ ಅದೇ.

"ಯಾಕಜ್ಜ, ಹುಷಾರಿಲ್ವಾ?" ಎಂದರು ಡಾಕ್ಟರಮ್ಮ.

"ನಿನ್ನೆಯಿಂದ ಏನೂ ತಿಂದಿಲ್ಲವ್ವ. ಮಗ ಬ್ಯಾಡ ಅಂದ."

ಮಗ, ಅಂದರೆ ನಮ್ಮ ತಜ್ಞ, ಮುಂದೆ ಬಂದ. "ರಕ್ತದ್ದು ಅಂದ್ಮೇಲೆ ಖಾಲಿ ಹೊಟ್ಟೆ ಇರ್ಬೇಕಲ್ವಾ ಮೇಡಂ?"

"ಮೊದಲು ಏನಾದ್ರೂ ತಿನ್ನಿಸ್ಕೊಂಡು ಬನ್ನಿ" ಎಂದು ಡಾಕ್ಟರಮ್ಮ ಬಾಗಿಲು ತೋರಿಸಿದರು. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಿಸಿ ಕರೆತಂದೆವು. ಚಿತ್ರ ಸ್ಪಷ್ಟವಾಗಿ ಬಂತು.

ಬಸ್ಸಿನಲ್ಲಿ ಭಾವಮೈದುನ ಪಕ್ಕದವರಿಗೆ ಹೇಳುತ್ತಿದ್ದ: "ಮಂಡಕ್ಕಿ ತಿಂದ್ಮೇಲೇನೇ ರಕ್ತ ಕಣ್ಣಿಗೆ ಹತ್ತಿದ್ದು."

ನೆಂಟರ ಗುಂಪು

ಚಿತ್ರದಲ್ಲಿ ನರದ ಸುತ್ತ ಕೆಂಪು ಎಳೆಗಳು. ಕೆಳಗೆ ಒಂದು ಕಡೆ ಮಾತ್ರ ತ್ರಿಕೋನದಂತೆ ಕಪ್ಪು. ಅಲ್ಲಿ ರಕ್ತದ ಹರಿವು ಕಡಿಮೆ, ಹೋದ ದೃಷ್ಟಿ ಮರಳುವುದಿಲ್ಲ, ಹನಿ ತಪ್ಪಿಸದಿದ್ದರೆ ಉಳಿದದ್ದನ್ನು ಕಾಪಾಡಬಹುದು ಎಂದಿದ್ದರು ಡಾಕ್ಟರಮ್ಮ.

ಭಾವಮೈದುನ ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. ದೇವಸಮುದ್ರದ ಚಿಕ್ಕಪ್ಪ, "ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ರಿ" ಎಂದು ಬರೆದರು. ಕೊಂಡ್ಲಹಳ್ಳಿಯವರೊಬ್ಬರು ಏನು ಎತ್ತ ಎಂದು ಕೇಳದೆ "ಓಂ ಶಾಂತಿ" ಎಂದರು. ಮಾವ ನನ್ನ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು.

ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಹೆಂಡತಿ ತೀರಿಕೊಂಡ ಸುದ್ದಿಗೆ ಇದೇ ಕೊಂಡ್ಲಹಳ್ಳಿಯ ಮಹಾನುಭಾವರು ಹೆಬ್ಬೆರಳು ಎತ್ತಿದ್ದರು. ಈ ಸಲ ಎಷ್ಟೋ ಸುಧಾರಿಸಿದ್ದಾರೆ.

ಸೆರಗು

ಭಾವಮೈದುನನ ಕೃಪೆಯಿಂದ ಅದೇ ಚಿತ್ರ ನೇಕಾರರ ಗುಂಪಿಗೂ ಹೋಗಿತ್ತು. ಅಲ್ಲಿ ಬರುವುದೆಲ್ಲ ಸೀರೆಯ ಡಿಸೈನುಗಳೇ. ನೂಲು ಕೊಟ್ಟು ನೇಯಿಸುವ ಮಾಲೀಕರು ಇದೂ ಅಂಥದ್ದೇ ಎಂದುಕೊಂಡು, ತೆಲುಗಿನಲ್ಲಿ "ಬಾಗುಂದಿ, ಬಾಗುಂದಿ" ಎಂದು ಮೆಚ್ಚಿ, ಸೆರಗಿಗೆ ಹಾಕಿಸಿಯೇ ಬಿಟ್ಟರು. ಕಪ್ಪು ತ್ರಿಕೋನವನ್ನು ಡಿಸೈನಿನ ತಪ್ಪೆಂದು ತಿಳಿದು, ಅಲ್ಲಿಗೂ ಕೆಂಪು ಎಳೆ ತುಂಬಿಸಿದರು.

ಕೆಲವು ವಾರಗಳ ನಂತರ ಭಾವಮೈದುನ ಆ ಸೀರೆ ಹೊತ್ತು ಓಡಿಬಂದ. ಮಾವ ಆಗಲೂ ಹನಿಗೆ ಒಪ್ಪಿರಲಿಲ್ಲ. ನಾನು ಸೀಸೆ ಹಿಡಿದು ಎದುರಿಗೆ ನಿಂತಿದ್ದೆ.

"ಅಪ್ಪಾ, ನಿನ್ನ ಕಣ್ಣು ನೋಡು! ಖಾಲಿ ಜಾಗ ಎಲ್ಲಾ ತುಂಬ್ಸಿಬಿಟ್ಟಾರೆ. ಭಾವ, ಇನ್ನು ಹನಿ ಯಾಕ್ರಿ?"

ಮಾವ ಸೆರಗನ್ನು ಮುಖದ ಹತ್ತಿರ ಹಿಡಿದು, ತುಂಬಿಸಿದ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ಮಗನನ್ನು ನೋಡಿದರು. ಸೀರೆ ಮಡಿಸಿ ಅವನ ಕೈಗಿಟ್ಟು, ಗೋಡೆಗೆ ಒರಗಿ ತಲೆ ಮೇಲೆತ್ತಿದರು.

"ಸೀರೆ ಕಣ್ಣು ವಾಸಿ ಆತಲ್ಲ, ಆ ಕಣ್ಣಿಗೆ ಹನಿ ಬ್ಯಾಡ ಬಿಡೋ. ಮೇಷ್ಟ್ರೇ, ನನಗೆ ಹಾಕ್ರಿ."