ಬಾಯ್ಲರ್ ಸಾಹೇಬರಿಗೆ, ನನ್ನ ತಣ್ಣೀರಿನ ವಿಷಯವಾಗಿ

ಇವರಿಗೆ:
ಮಾನ್ಯ ಬಾಯ್ಲರ್ ಸಾಹೇಬರು,
ಸ್ನಾನದ ಮನೆಗಳ ಹಿಂಭಾಗ, ಮಹಿಳಾ ವಿದ್ಯಾರ್ಥಿನಿಲಯ,
ಹಲಸೂರು, ಬೆಂಗಳೂರು.

ಫೆಬ್ರವರಿ, ೧೯೯೯

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ತಗಡಿನ ಮೈಗೆ, ಮಸಿ ಹಿಡಿದ ಕೊಳವೆಗೆ ಮತ್ತು ಸದಾ ತೊಟ್ಟಿಕ್ಕುವ ಒಂದೇ ಒಂದು ನಲ್ಲಿಗೆ ಈ ವಿದ್ಯಾರ್ಥಿನಿಯ ಬೇರೆಬೇರೆಯಾಗಿ ಮೂರು ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಪ್ರತಿದಿನ ಬೆಳಿಗ್ಗೆ ಐದು ಗಂಟೆಗೆ ಏಳುವ ಹೊಗೆಯಿಂದ ತಿಳಿದು ಸಂತೋಷವಾಗುತ್ತದೆ. ಆ ಹೊಗೆ ಬೇರೆಲ್ಲೂ ಹೋಗದೆ ನೇರವಾಗಿ ನನ್ನ ಕಿಟಕಿಗೇ ಬರುವುದರಿಂದ ತಮ್ಮ ಯೋಗಕ್ಷೇಮ ವಿಚಾರಿಸಲು ನಾನು ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ನಾನು ಅಯ್ಯಮ್ಮ, ಸಂಖ್ಯಾಶಾಸ್ತ್ರ ಎಂ.ಎಸ್ಸಿ. ಮೊದಲ ವರ್ಷ, ಕೋಣೆ ಹನ್ನೊಂದು. ದೇವದುರ್ಗದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿರುವ ಹಂಪಣ್ಣನವರ ಹಿರಿಯ ಮಗಳು. ಆ ಒಂದು ಕೋಣೆಯಲ್ಲಿ ಆರು ಜನರಿದ್ದೇವೆ, ನಾನು ಬಿ.ಎಸ್ಸಿ. ಪೂರ್ತಿ ಓದಿದ್ದು ಸುತ್ತಿಟ್ಟ ಹಾಸಿಗೆಗಳ ರಾಶಿಯ ಮೇಲೆ ಪುಸ್ತಕ ಬಿಡಿಸಿಕೊಂಡು, ಯಾರಿಗಾದರೂ ನಿದ್ದೆ ಬಂದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಈ ಹಾಸ್ಟೆಲ್ಲಿನಲ್ಲಿ ನನಗೆ ಒಂದು ಮೇಜು ಕೊಟ್ಟಿದ್ದಾರೆ. ಅದರ ಒಂದು ಕಾಲು ಕುಂಟು, ಡ್ರಾಯರು ತೆಗೆದರೆ ಮುಚ್ಚುವುದಿಲ್ಲ, ಆದರೂ ರಾತ್ರಿ ನಾನಿಟ್ಟ ಪುಸ್ತಕ ಬೆಳಿಗ್ಗೆ ಇಟ್ಟ ಜಾಗದಲ್ಲೇ ಇರುತ್ತದೆ. ಇಂಥ ಸೌಭಾಗ್ಯ ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಆ ಮೇಜು ಈಗ ನನ್ನ ಕೈತಪ್ಪಿ ಹೋಗುವಂತಾಗಿದ್ದು, ಅದಕ್ಕೆ ಕಾರಣಕರ್ತರು ತಾವೆಂಬುದು ನನ್ನ ಸವಿನಯ ಆರೋಪ.

ವಿಷಯವೇನೆಂದರೆ, ಪರೀಕ್ಷೆಗೆ ಕೂರಲು ಶೇಕಡಾ ಎಪ್ಪತ್ತೈದು ಹಾಜರಾತಿ ಬೇಕು, ನನ್ನದು ಎಪ್ಪತ್ತೊಂದು. ಪರೀಕ್ಷೆಗೆ ಕೂರದವಳಿಗೆ ಹಾಸ್ಟೆಲ್ ಸೀಟು ಇಲ್ಲ, ಸೀಟು ಇಲ್ಲದವಳಿಗೆ ಮೇಜು ಇಲ್ಲ. ಕೊರತೆಯನ್ನು ಮನ್ನಿಸಲು ಒಂದು ಸಮಿತಿ ಇದೆ, ಸಮಿತಿಗೆ ಒಂದು ಫಾರಂ ಇದೆ, ಫಾರಮ್ಮಿನಲ್ಲಿ ಗೈರುಹಾಜರಿಗೆ ಕಾರಣವನ್ನು ಗುರುತಿಸಲು ಮೂರು ಚೌಕಗಳಿವೆ: ಕಾಯಿಲೆ, ಕ್ರೀಡೆ, ಎನ್.ಸಿ.ಸಿ. ನನಗೆ ಬಂದದ್ದು ಜ್ವರವೇ ಆದರೂ ಸರ್ಕಾರಿ ಆಸ್ಪತ್ರೆಯ ಚೀಟಿ ಇಲ್ಲದ ಜ್ವರವನ್ನು ಜ್ವರವೆಂದು ಒಪ್ಪಲು ಬರುವುದಿಲ್ಲವಂತೆ. ಹಾಗಾದರೆ ಮೂಲ ಕಾರಣವನ್ನೇ ಬರೆಯುತ್ತೇನೆಂದು ಪ್ರಾಂಶುಪಾಲರ ಬಳಿ ಹೋದೆ. ಅವರು ವಾರ್ಡನ್ ಗಂಗಲಕ್ಷ್ಮಮ್ಮನವರನ್ನು ಕೇಳು ಎಂದರು. ವಾರ್ಡನ್ನರು ಬಿಸಿನೀರಿನ ವಿಷಯವಾದ್ದರಿಂದ ಎಂಜಿನಿಯರ್ ಸಾಹೇಬರನ್ನು ಕೇಳು ಎಂದರು. ಎಂಜಿನಿಯರ್ ಸಾಹೇಬರು ಕಡತದಿಂದ ತಲೆಯೆತ್ತದೆ, "ನಾನೇನ್ರೀ ನೀರು ಕಾಯಿಸ್ತೀನಾ? ಹೋಗಿ ಆ ಬಾಯ್ಲರನ್ನೇ ಕೇಳ್ರೀ" ಎಂದು ಅಪ್ಪಣೆ ಕೊಡಿಸಿದರು. ಮೇಲಧಿಕಾರಿಗಳ ಮಾತು ಮೀರಬಾರದೆಂದು ಅಪ್ಪ ಹೇಳಿ ಕಳಿಸಿದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ.

ಕೇಳುವ ಮೊದಲು ತಮ್ಮ ಗುಣಗಾನ ಮಾಡದಿದ್ದರೆ ತಪ್ಪಾದೀತು. "ನಮ್ಮ ವಸತಿ ವ್ಯವಸ್ಥೆಯು ವಿದ್ಯಾರ್ಥಿನಿಯರ ಕಲಿಕೆಗೂ ಪರಸ್ಪರ ಆತ್ಮೀಯತೆಗೂ ಪೂರಕವಾಗಿದೆ" ಎಂದು ವಿಶ್ವವಿದ್ಯಾಲಯದ ಕೈಪಿಡಿಯ ಮೊದಲ ಪುಟದಲ್ಲೇ ಅಚ್ಚಾಗಿದೆ. ಕಲಿಕೆಗೆಂದು ವಾಚನಾಲಯವಿದೆ, ಅದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಅಂದರೆ ನಾವೆಲ್ಲ ತರಗತಿಯಲ್ಲಿರುವಷ್ಟು ಹೊತ್ತು, ಅತ್ಯಂತ ಪ್ರಶಾಂತವಾಗಿ ತೆರೆದಿರುತ್ತದೆ. ಆತ್ಮೀಯತೆಗೆಂದು ಪರಿಚಯ ಸಮಾರಂಭವಿದೆ. ಅಲ್ಲಿ ಆತ್ಮೀಯತೆಯ ಮೇಲೆ ಎರಡು ಗಂಟೆ ಭಾಷಣವಾಯಿತಂತೆ, ಎರಡನೆಯ ಪಟ್ಟಿಯಲ್ಲಿ ಸೀಟು ಸಿಕ್ಕಿದ ನನ್ನನ್ನು ಕರೆದಿರಲಿಲ್ಲ. ಉಳಿದದ್ದೆಲ್ಲ ನಡೆಯುವುದು ತಮ್ಮ ಶೆಡ್ಡಿನಲ್ಲಿ. ಇಡೀ ಆವರಣದಲ್ಲಿ ಬೆಳಗಿನ ಜಾವ ಟ್ಯೂಬ್‌ಲೈಟ್ ಉರಿಯುವುದೂ, ಒರಗಿಕೊಳ್ಳಲು ಬೆಚ್ಚನೆಯ ಗೋಡೆ ಇರುವುದೂ ಅಲ್ಲೊಂದೇ ಕಡೆ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಪಾಠವನ್ನೆಲ್ಲ ಕೋಲಾರ ಗೋಲ್ಡ್ ಫೀಲ್ಡಿನ ಕೋಕಿಲಾ ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದು, ನಾನು ಅವಳಿಗೆ ಸಂಭವನೀಯತೆಯ ಲೆಕ್ಕಗಳನ್ನು ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ತೋರಿಸಿದ್ದು, ಚಿಂತಾಮಣಿಯ ಶಂಶುನ್ನೀಸಾ ಸೌದೆ ಹೊತ್ತಿಸಲು ತಂದ ಹಳೆಯ ಪೇಪರನ್ನು ಉರಿಗೆ ಹಾಕುವ ಮುನ್ನ ಎಲ್ಲರಿಗೂ ಗಟ್ಟಿಯಾಗಿ ಓದಿದ್ದು, ಎಲ್ಲವೂ ತಮ್ಮ ಸಮ್ಮುಖದಲ್ಲೇ. ತಾವು ದಂಡಿನ ಹರಾಜಿನಲ್ಲಿ ಬಂದವರಾದ್ದರಿಂದ ಸ್ವಲ್ಪ ಗತ್ತು ಇರುವುದು ಸಹಜ. ತಮಗೆ ಬೆಂಕಿ ಹಾಕುವ ಹುಸೇನಪ್ಪನವರೂ ಅದನ್ನೇ ಹೇಳುತ್ತಾರೆ: "ಇದು ಮಿಲ್ಟ್ರಿ ಬಾಯ್ಲರ್ ಕಣಮ್ಮ, ಬೈದ್ರೇನೇ ಕಾಯೋದು."

ಆದರೆ ಇದೆಲ್ಲ ಆಮೇಲಿನ ಮಾತು. ಡಿಸೆಂಬರಿನಲ್ಲಿ ನಾನು ಟ್ರಂಕು ಹೊತ್ತು ಬಂದಾಗ ತಾವು ನನ್ನನ್ನು ನಡೆಸಿಕೊಂಡ ರೀತಿಯೇ ನನ್ನ ದೂರು.

ಬಂದ ಸಂಜೆ ಊಟದ ಮನೆಯಲ್ಲಿ ಯಾರೋ ನನ್ನ ಹೆಸರು ಕೇಳಿದಾಗ "ಅಯ್ಯಮ್ಮ ಅಂತಾರ್ರಿ" ಎಂದೆ. ಇಬ್ಬರು ನಕ್ಕರು, ಒಬ್ಬಳು ಇನ್ನೊಮ್ಮೆ ಹೇಳಿಸಿದಳು. ಅಲ್ಲಿಗೆ ನಾನು ಬಾಯಿಗೆ ಬೀಗ ಹಾಕಿಕೊಂಡೆ. ವಾರ್ಡನ್ನರು ಇಲ್ಲಿಯ ಪದ್ಧತಿ ತಿಳಿಸಿದರು: "ಸಂಜೆ ಬಾಯ್ಲರ್ ಹತ್ರ ನಿನ್ನ ಬಕೆಟ್ ಇಟ್ಬಿಡಮ್ಮ. ಬೆಳಿಗ್ಗೆ ಸರದಿ ಇರೋರು ಎದ್ದು ಎಲ್ಲರ ಬಕೆಟ್‌ಗೂ ಬಿಸಿನೀರು ಹಿಡಿದಿಡ್ತಾರೆ." ಇಪ್ಪತ್ತೆರಡು ಹುಡುಗಿಯರಿಗೆ ಒಂದೇ ನಲ್ಲಿ, ದಿನಕ್ಕೊಬ್ಬಳು ನಿದ್ದೆಗೆಟ್ಟರೆ ಉಳಿದ ಇಪ್ಪತ್ತೊಂದು ಜನ ಅರ್ಧ ಗಂಟೆ ಹೆಚ್ಚು ಮಲಗಬಹುದು, ಎಷ್ಟು ಚೆಂದದ ಏರ್ಪಾಡು! ನಾನೂ ನನ್ನ ನೀಲಿ ಬಕೆಟ್ಟನ್ನು ತೊಳೆದು, ಕಂಠಮಟ್ಟ ತಣ್ಣೀರು ತುಂಬಿ, ಸಾಲಿನ ಕೊನೆಯಲ್ಲಿ ಇಟ್ಟುಬಂದೆ.

ಹೌದು, ತುಂಬಿ ಇಟ್ಟುಬಂದೆ. ತಾವು ನಗಬಹುದು. ನಮ್ಮ ಮನೆಯಲ್ಲಿ ಖಾಲಿ ಪಾತ್ರೆಯನ್ನು ರಾತ್ರಿಯಿಡೀ ಇಡುವುದಿಲ್ಲ. "ಖಾಲಿ ಕೊಡಾ ಇಡಬಾರ್ದವಾ, ಒಂದು ಬೊಗಸಿ ನೀರರ ಇರ್ಲಿ" ಎಂದು ಅವ್ವ ದಿನಾ ಹೇಳುತ್ತಾಳೆ. ಮೇಲಾಗಿ ರಾಮಮೂರ್ತಿ ನಗರದಲ್ಲಿ ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವುದರಿಂದ ಖಾಲಿ ಬಕೆಟ್ ಕಂಡರೆ ಅಪ್ಪನಿಗೂ ಸಿಟ್ಟು ನೆತ್ತಿಗೇರುತ್ತದೆ. ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸ ನೀರು ಹಿಡಿಯುವುದು ನಮ್ಮಲ್ಲಿ ರೂಢಿ. ಖಾಲಿ ಬಕೆಟ್ ಇಡು ಎಂದು ಇಲ್ಲಿ ಯಾರೂ ಹೇಳಲಿಲ್ಲ, ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲರ ಬಕೆಟ್ಟಿನಲ್ಲೂ ಹಬೆಯಾಡುತ್ತಿದೆ, ನನ್ನದರಲ್ಲಿ ಕೈಯಿಟ್ಟರೆ ಜುಮ್ಮೆನ್ನುವ ತಣ್ಣೀರು. ಮೊದಲ ದಿನ ಹೊಸಬಳೆಂದು ಮರೆತಿರಬೇಕು ಎಂದುಕೊಂಡೆ. ಎರಡನೆಯ ದಿನ ಸೌದೆ ಹಸಿಯಿರಬೇಕು ಎಂದುಕೊಂಡೆ. ಮೂರನೆಯ ದಿನ ಎಲ್ಲವೂ ಅರ್ಥವಾಯಿತು, ಅಂದರೆ ಅರ್ಥವಾಯಿತೆಂದುಕೊಂಡೆ: ನನ್ನ ಮಾತು, ನನ್ನ ಊರು, ನನ್ನ ಅಪ್ಪನ ಕೆಲಸ, ಇಷ್ಟನ್ನೂ ತೂಗಿ ನೋಡಿ ಇವಳಿಗೆ ತಣ್ಣೀರೇ ಸಾಕು ಎಂದು ಈ ಹಾಸ್ಟೆಲ್ಲು ತೀರ್ಮಾನಿಸಿದೆ. ಕೇಳಬಹುದಿತ್ತಲ್ಲ ಎಂದು ತಾವು ಅನ್ನಬಹುದು. ಸಾಹೇಬರೇ, ತಣ್ಣೀರಿನಲ್ಲಿ ಮಿಂದೇನೇ ಹೊರತು ಬಿಸಿನೀರಿಗಾಗಿ ಇವರ ಮುಂದೆ ಹಲ್ಲು ಗಿಂಜೆನು ಎಂಬ ಸೊಕ್ಕು ನನ್ನದು. ತಮಗೆ ಬೈದರೆ ಕಾಯುವ ಅಭ್ಯಾಸವಿದೆ, ನನಗೆ ಬೈಯುವ ಮೊದಲೇ ಕಾಯುವ ಅಭ್ಯಾಸ. ಎಂಟು ದಿನ ಹಾಗೆಯೇ ಮಿಂದೆ. ಒಂಬತ್ತನೆಯ ದಿನ ನೂರಾಮೂರು ಡಿಗ್ರಿ ಜ್ವರ. ನನ್ನ ತಮ್ಮ ಈರೇಶ ಬಂದು ಆಟೋದಲ್ಲಿ ಕರೆದುಕೊಂಡು ಹೋದ, ಎರಡು ವಾರ ಮನೆಯಲ್ಲಿ ಮಲಗಿದೆ. ಎಪ್ಪತ್ತೊಂದರ ಹುಟ್ಟು ಹೀಗೆ.

ಜ್ವರ ಬಿಟ್ಟ ಮೇಲೆ ಟ್ರಂಕು ತೆಗೆದುಕೊಂಡು ಹೋಗಲೆಂದೇ ವಾಪಸು ಬಂದೆ. ಓದು ಬೇಡ, ಮೇಜು ಬೇಡ, ಹಾಸಿಗೆಯ ರಾಶಿಯೇ ಸಾಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಬಂದು ನೋಡಿದರೆ ಗೋಡೆಯ ಪಟ್ಟಿಯಲ್ಲಿ ಮಾರನೆಯ ಬೆಳಗಿನ ಸರದಿಗೆ ನನ್ನ ಹೆಸರು. ಹೋಗುವವಳು ಇವರ ಋಣ ಇಟ್ಟುಕೊಂಡು ಹೋಗಬಾರದೆಂದು ಸಂಜೆ ಎಂದಿನಂತೆ ಬಕೆಟ್ ಇಟ್ಟು, ಐದಕ್ಕೆ ಎದ್ದು ತಮ್ಮ ಶೆಡ್ಡಿಗೆ ಬಂದೆ. ಟ್ಯೂಬ್‌ಲೈಟಿನ ಕೆಳಗೆ ಇಪ್ಪತ್ತೆರಡು ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಇಪ್ಪತ್ತೊಂದು ಖಾಲಿ. ಒಂದು ತುಂಬಿತ್ತು, ಅದು ನನ್ನದು. ಸರದಿಯವಳು ತುಂಬಿದ ಬಕೆಟ್ಟಿಗೆ ಮತ್ತೆ ಯಾಕೆ ನೀರು ಹಿಡಿಯುತ್ತಾಳೆ? ಅಯ್ಯೋ ಶಿವನೇ! ನಾಚಿಕೆಯಿಂದ ನನ್ನ ಕಿವಿ ಎಷ್ಟು ಬಿಸಿಯಾಯಿತೆಂದರೆ ಅಂದು ತಮಗೆ ಸೌದೆಯ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಕೋಕಿಲಾ ಬಂದಳು. ನಾನು ಅಳುತ್ತಾ ನಗುತ್ತಾ ಎಲ್ಲವನ್ನೂ ಹೇಳಿದೆ. ಅವಳು ನೆಲದ ಮೇಲೇ ಕೂತುಬಿಟ್ಟಳು. "ಲೇ, ನೀನು ನಮಗಿಂತ ಮುಂಚೆ ಎದ್ದು ನೀನೇ ನೀರು ಹಿಡ್ಕೊಂಡ್ಬಿಡ್ತೀಯ ಅಂದ್ಕೊಂಡಿದ್ವಿ ಕಣೇ! ಮಾತೂ ಆಡ್ತಿರ್ಲಿಲ್ಲ. ನಾವು ಮುಟ್ಟಿದ ನೀರು ಇವಳಿಗೆ ಆಗಲ್ವೇನೋ ಅಂತ ಶಂಶು ಎರಡು ದಿನ ಸಪ್ಪಗಿದ್ಲು." ಅವರು ನನ್ನನ್ನು ದೂರವಿಟ್ಟರೆಂದು ನಾನು, ನಾನು ಅವರನ್ನು ದೂರವಿಟ್ಟೆನೆಂದು ಅವರು. ಟ್ರಂಕು ಮಂಚದ ಕೆಳಗೆ ಹೋಯಿತು. ಅಂದಿನಿಂದ ನನ್ನ ಬಕೆಟ್ಟೂ ಖಾಲಿಯಾಗಿಯೇ ಸಾಲಿನಲ್ಲಿ ನಿಲ್ಲುತ್ತದೆ. ಅವ್ವನಿಗೆ ಮಾತ್ರ ಹೇಳಿಲ್ಲ.

ಆದಕಾರಣ ಮಾನ್ಯರೇ, ನಾಳೆ ಹತ್ತು ಗಂಟೆಗೆ ಸಮಿತಿ ಸೇರುವುದರೊಳಗೆ ತಾವು ದಯಮಾಡಿ, ಮೇಲ್ಕಂಡ ಎಂಟು ದಿನ ಅರ್ಜಿದಾರಳಿಗೆ ತಮ್ಮಿಂದ ಒಂದು ತಂಬಿಗೆ ಬಿಸಿನೀರೂ ದೊರೆತಿಲ್ಲವೆಂದು ಪ್ರಮಾಣಪತ್ರ ನೀಡಬೇಕು. ಸರ್ಕಾರಿ ಆಸ್ತಿಯಾದ ತಮ್ಮ ಚೀಟಿಯಾದರೂ ಸರ್ಕಾರಿ ಆಸ್ಪತ್ರೆಯ ಚೀಟಿಗೆ ಸಮವಾದೀತು. ಸಾಧ್ಯವಾದರೆ ತಾವೇ ಖುದ್ದಾಗಿ ಸಮಿತಿಯ ಕೊಠಡಿಗೆ ದಯಮಾಡಿಸಿ ಸಾಕ್ಷಿ ನುಡಿಯಬೇಕು. ಮೆಟ್ಟಿಲು ಹತ್ತಲು ಹುಸೇನಪ್ಪನವರು ಹೆಗಲು ಕೊಡುತ್ತಾರೆ. ಹಾಗೆಯೇ ಕಿಟಕಿಗೆ ಬರುವ ಹೊಗೆಯನ್ನು ಒಂದೆರಡು ದಿನ ಎಂಜಿನಿಯರ್ ಸಾಹೇಬರ ಕೊಠಡಿಯ ಕಡೆಗೆ ತಿರುಗಿಸಲು ಕೋರುತ್ತೇನೆ.

ಇಷ್ಟನ್ನು ನಿನ್ನೆ ಸಂಜೆ ಬರೆದಿಟ್ಟಿದ್ದೆ. ಇಂದು ನಡೆದದ್ದನ್ನು ಸೇರಿಸದಿದ್ದರೆ ತಮಗೆ ಅನ್ಯಾಯವಾಗುತ್ತದೆ.

ಮುಖ್ಯ ಕೆಲಸಕ್ಕೆ ಹೊರಟಾಗ ತುಂಬಿದ ಕೊಡ ಎದುರಾಗಬೇಕು, ಖಾಲಿ ಕೊಡ ಕಂಡರೆ ಅವ್ವ ಅಪ್ಪನನ್ನೂ ವಾಪಸು ಕರೆದು ಕೂರಿಸುತ್ತಾಳೆ ಎಂದು ನಾನು ಎಂದೋ ತಮ್ಮ ಗೋಡೆಗೆ ಒರಗಿಕೊಂಡು ಹರಟಿದ್ದೆ. ಇಂದು ಬೆಳಿಗ್ಗೆ ಇಳಿದು ಬಂದರೆ ಸಾಲಿನಲ್ಲಿ ಇಪ್ಪತ್ತೊಂದು ಬಕೆಟ್ಟುಗಳೂ ಕಂಠಮಟ್ಟ ತುಂಬಿ ನಿಂತಿವೆ, ತಣ್ಣೀರು. ನಿನ್ನೆ ಸಂಜೆಯೇ ಎಲ್ಲರೂ ತುಂಬಿಸಿಟ್ಟಿದ್ದರು, ನನಗೆ ಸುಳಿವೇ ಇಲ್ಲ. ಖಾಲಿಯಿದ್ದದ್ದು ನನ್ನದೊಂದೇ, ಸರದಿಯ ಶಂಶುನ್ನೀಸಾ ಅದಕ್ಕೊಂದಕ್ಕೆ ಬಿಸಿನೀರು ಹಿಡಿದು, ಮೇಲೆ ತಟ್ಟೆ ಮುಚ್ಚಿಟ್ಟಿದ್ದಳು. "ತುಂಬಿದ್ದೇ ನೋಡ್ಕೊಂಡು ಹೋಗು, ಒಂದೂ ಖಾಲಿ ಇಲ್ಲ. ಬೇಗ ಸ್ನಾನ ಮಾಡು, ಆರಿಹೋಗುತ್ತೆ" ಎಂದಳು. ಇಂದು ಈ ಹಾಸ್ಟೆಲ್ಲಿನಲ್ಲಿ ಬಿಸಿನೀರು ಮಿಂದವಳು ನಾನೊಬ್ಬಳೇ.

ಸಮಿತಿಯವರು ಕಾರಣ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗುಮಾಸ್ತರು ಮುಸಿಮುಸಿ ನಕ್ಕರು. ಅಧ್ಯಕ್ಷರು ಇದಕ್ಕೆ ಸಾಕ್ಷಿ ಯಾರಮ್ಮ ಎಂದು ಕೇಳುವುದಕ್ಕೂ, ಬಾಗಿಲಾಚೆ ಹಸಿ ಕೂದಲಿನಲ್ಲಿ ನಿಂತಿದ್ದ ನಮ್ಮ ಹಾಸ್ಟೆಲ್ಲಿನ ಹುಡುಗಿಯರಲ್ಲಿ ಒಬ್ಬಳು ಸೀನುವುದಕ್ಕೂ ಸರಿಹೋಯಿತು; ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೊನೆಗೆ ಗಂಗಲಕ್ಷ್ಮಮ್ಮನವರೇ ಒಳಗೆ ಬಂದು, "ಬಕೆಟ್ ಇಡು ಅಂದೆ ಸಾರ್, ಖಾಲಿ ಇಡು ಅನ್ನೋದು ಮರ್ತೆ. ತಪ್ಪು ನಂದು, ಹುಡುಗೀದಲ್ಲ" ಎಂದರು. ಈ ಹಾಸ್ಟೆಲ್ಲಿನಲ್ಲಿ 'ತಪ್ಪು ನನ್ನದು' ಎಂದು ತಾವಾಗಿ ಒಪ್ಪಿಕೊಂಡ ಮೊದಲ ಅಧಿಕಾರಿ ಅವರು. ಆದ್ದರಿಂದ ತಮ್ಮ ಮೇಲಿನ ಆರೋಪವನ್ನು ಈ ಮೂಲಕ ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆ. ಹೊಗೆಯ ವಿಷಯ ಮಾತ್ರ ಹಾಗೆಯೇ ಇರಲಿ.

ಬಿಸಿಯಲ್ಲೂ ತಣ್ಣಗೂ ತಮ್ಮ ವಿಶ್ವಾಸಿ,
ಅಯ್ಯಮ್ಮ
ಕೋಣೆ ಹನ್ನೊಂದು (ಮೇಜು ಸಹಿತ)

ವಿ.ಸೂ.: ಸಂಜೆ ನಾಲ್ಕಕ್ಕೆ ಆದೇಶ ಹೊರಬಿದ್ದಿದೆ. ಹಾಜರಾತಿಯ ಕೊರತೆ ಮನ್ನಾ ಆಗಿದೆ. ಆದರೆ ನನ್ನ ಕಾರಣಕ್ಕೆ ಹೊಂದುವ ಚೌಕ ಸಿಗದೆ 'ಕ್ರೀಡೆ' ಎಂಬುದರ ಮುಂದೆ ಗುರುತು ಹಾಕಿದ್ದಾರೆ. ನಾನು ಯಾವ ಆಟ ಆಡುತ್ತೇನೆಂದು ದೈಹಿಕ ಶಿಕ್ಷಣ ವಿಭಾಗದವರು ಈಗಾಗಲೇ ವಿಚಾರಿಸಿಕೊಂಡು ಹೋಗಿದ್ದಾರೆ. ಇತ್ತ ಕೋಕಿಲಾ, ಶಂಶು ಮೊದಲಾಗಿ ಒಂಬತ್ತು ಜನ ನೆಗಡಿಯಾಗಿ ಹೊದ್ದು ಮಲಗಿದ್ದು, ಅವರ ಹಾಜರಾತಿಯೂ ಇನ್ನು ಇಳಿಯಲಿದೆ. ಸಮಿತಿಯವರು ಹೊಸ ಫಾರಂ ಅಚ್ಚು ಹಾಕಿಸುವಾಗ ದಯವಿಟ್ಟು ನಾಲ್ಕನೆಯ ಚೌಕವೊಂದನ್ನು ಸೇರಿಸಲಿ. ಅದರ ಮುಂದೆ ಏನು ಬರೆಯಬೇಕೆಂದು ತೋಚದಿದ್ದರೆ ಒಂದು ಬೆಳಿಗ್ಗೆ ಐದೂವರೆಗೆ ಬಾಯ್ಲರ್ ಶೆಡ್ಡಿಗೆ ಬಂದು ಹೋಗಲಿ. ಬರುವಾಗ ಒಂದು ಬಕೆಟ್ ತರಲಿ. ಖಾಲಿ ಬಕೆಟ್.