ನಾಲ್ಕನೆಯ ಕಾಲು

ನನ್ನ ಸೋದರಮಾವ ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ಕೊಳೆತ ಕಟ್ಟಿಗೆಯ ಮುಖ ನೋಡಿದವನು! ಇದು ನನ್ನ ಮಾತಲ್ಲ, ಅತ್ತೆಯ ದೂರು. ಕಾಲುವೆ ನೀರು ಹರಿದು ಮೆಟ್ರಿ ಹಳ್ಳಿಯ ನಮ್ಮ ಬೀಗರೆಲ್ಲ ಮನೆಗೆ ಟ್ರ್ಯಾಕ್ಟರ್ ತರುತ್ತಿದ್ದ ಕಾಲದಲ್ಲಿ, ಈತ ಹೊಸಪೇಟೆಗೆ ಹೋಗಿ ಡ್ಯಾಮಿನ ಹಿನ್ನೀರಿನ ದಂಡೆಯಿಂದ ಸೊಟ್ಟ ಕೊರಡು ತರುತ್ತಿದ್ದ. ಅದೂ ಬಸ್ಸಿನ ಮೇಲೆ ಹೇರಿ, ಗುಡ್ಡ ಹತ್ತಿಸಿ, ಸಂಡೂರಿಗೆ! ಸಂಡೂರಿನ ಕಾಡಿನಲ್ಲಿ ಕಟ್ಟಿಗೆ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಮಾವನಿಗೆ ನೀರೇ ತಿದ್ದಿದ ಕಟ್ಟಿಗೆ ಬೇಕು. ಅದಕ್ಕೆ ಉಳಿ, ಗರಗಸ ಸೋಕಬಾರದು.

ಹೊಸ ನೀರು ಬಂದಾಗ ದಂಡೆಯ ಊರುಗಳ ಹೆಂಗಸರು ತೇಲಿಬಂದ ಕಟ್ಟಿಗೆ ಆರಿಸಲು ಬರುತ್ತಾರೆ. ಕಂಡ ಕೊರಡಿನ ಮೇಲೆ ಒಂದು ಕಲ್ಲಿಟ್ಟರೆ ಮುಗಿಯಿತು, ಅದು ಅವರದು. ವಾರ ಬಿಟ್ಟು ಬಂದರೂ ಬೇರೆಯವರು ಮುಟ್ಟುವುದಿಲ್ಲ. ಮಾವ ಉಡಿಯಲ್ಲಿ ಕಲ್ಲು ಕಟ್ಟಿಕೊಂಡು ಅವರ ಸಮ ಓಡುತ್ತಿದ್ದ. ಇಷ್ಟು ವಯಸ್ಸಾದರೂ ನೇರ ಕಟ್ಟಿಗೆ ಆರಿಸಲು ಬಾರದಲ್ಲ ಎಂದು ಅವರು ಈತನಿಗಾಗಿ ಮರುಗುತ್ತಿದ್ದರಂತೆ.

ಒಂದು ವರ್ಷ ನಮ್ಮ ಓಣಿಯ ಕಟ್ಟೆಯ ಮೇಲೆ, ಮಾವ ಜೋಡಿಸಿದ ಕೊರಡುಗಳಲ್ಲೇ, ಕರಡಿಯೊಂದು ಏಳತೊಡಗಿತು. ಕರಡಿಗಳಿರುವ ದರೋಜಿ ಗುಡ್ಡದಿಂದಲೇ ಇಳಿದು ಬಂದಂತೆ! ಹುಚ್ಚು ಓಣಿಗೇ ಹತ್ತಿತು. ಗಣಿ ಲಾರಿಯ ಡ್ರೈವರ್ ಸೊಂಟ ತಂದ, ಹೂ ಮಾರುವಾಕೆ ಮೂತಿ ತಂದಳು. ಕ್ಷೌರದಂಗಡಿಯವನಂತೂ ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚಿ, ಹಾಗೆಯೇ ಹೊರಗೆ ಕರೆತಂದು, ಎಡಗಿವಿ ತನ್ನದೆಂದು ತೋರಿಸುತ್ತಿದ್ದ! ಬಾಲ ನನ್ನದು, ಸಂಕೋಚದಿಂದ ಹೇಳುತ್ತಿದ್ದೇನೆ. ಉಳಿದದ್ದು ಒಂದೇ ಹಿಂಗಾಲು. ಮೂರು ಮಳೆಗಾಲ ಹುಡುಕಿ ಮಾವ ಅದನ್ನೂ ತಂದು ಹಿತ್ತಿಲಲ್ಲಿ ಒಣಗಲಿಟ್ಟ.

ಕಾಲು ಜೋಡಿಸುವ ದಿನ ಓಣಿಯೆಲ್ಲ ಸೇರಿತ್ತು. ಮಾವ ಬಿಸಿಬಿಸಿ ನೀರಿನಲ್ಲಿ ಮಿಂದು, ಹಣೆಗೆ ವಿಭೂತಿ ಹಚ್ಚಿ ಹಿತ್ತಿಲಿಗೆ ಹೋದರೆ ಕಾಲೇ ಇಲ್ಲ. ಅತ್ತೆ ನೀರೊಲೆಯ ಕಡೆ ನೋಡಿದಳು.

"ಒಣಾ ಕಟ್ಟಿಗಿ ಇದ್ದಿಲ್ಲ ರೀ. ಈಗ ಮೈಮ್ಯಾಲ ಹಾಕ್ಕೊಂಡ್ರಲ್ಲ, ಅದ ನಿಮ್ಮ ಕಾಲು."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ನಗಲಿಲ್ಲ, ಬೈಯಲೂ ಇಲ್ಲ. ಮರುವರ್ಷ ಹೊಸ ನೀರು ಬಂದಿದೆ ಎಂದು ಯಾರು ಬಂದು ಕರೆದರೂ ಜಗಲಿ ಬಿಟ್ಟು ಏಳಲಿಲ್ಲ. ಕರಡಿ ಗೋಡೆಗೆ ಒರಗಿಯೇ ಉಳಿಯಿತು. ಆಗ ನಮಗೆ ಹೆದರಿಕೆಯಾಯಿತು.

ಒಂದು ದಿನ ಬೆಳಿಗ್ಗೆಯಿಂದ ಅತ್ತೆ ಕಾಣಲಿಲ್ಲ. ಒಬ್ಬಳೇ ಪಕ್ಕದ ಓಣಿಗೂ ಹೋಗದವಳು! ಸಂಜೆ ಹೊಸಪೇಟೆ ಬಸ್ಸು ನಿಂತಿತು. ಕಂಡಕ್ಟರ್ ಮೇಲಿನಿಂದ ಒಂದು ಸೊಟ್ಟ ಕೊರಡು ಇಳಿಸಿದ. ಹಿಂದೆಯೇ ಮೊಣಕಾಲಿನವರೆಗೆ ಕೆಸರಾದ ಸೀರೆಯಲ್ಲಿ ಅತ್ತೆ ಇಳಿದಳು.

"ಕಲ್ಲಿಟ್ರ ಸಾಕಂತಿದ್ರಿ," ಅಂದಳು ಮಾವನಿಗೆ. "ನನಗ ನಂಬ್ಕಿ ಬರ್ಲಿಲ್ಲ. ಹೊರಾಕ ಆಳು ಸಿಗೂತನ ಅದರ ಮ್ಯಾಲ ನಾನ ಕುಂತಿದ್ನಿ."

ಒಣಗುವವರೆಗೂ ಕಾಯದೆ ಮಾವ ಮರುದಿನವೇ ಅದನ್ನು ಜೋಡಿಸಿದ. ಕಾಲು ಒಂದು ಗೇಣು ಉದ್ದವಾಗಿತ್ತು. ಅತ್ತೆ ಸಣ್ಣ ದನಿಯಲ್ಲಿ, ತಾನು ತಂದದ್ದು ಉದ್ದವಾಯಿತೇ ಎಂದು ಕೇಳಿದಳು.

ಮಾವ ಬಗ್ಗಿ ಬೇರೆ ಮೂರೂ ಕಾಲುಗಳ ಕೆಳಗೆ ಕಲ್ಲು ಕೊಡುತ್ತಿದ್ದ.

"ಇಲ್ಲ," ಅಂದ. "ಉಳಿದ ಮೂರು ಗಿಡ್ಡ ಅದಾವು."