ಜಡ ಅನಿಲನ ಅತ್ತೆ

ನನ್ನ ಮೊಮ್ಮಗಳು ಭಾಗ್ಯಶ್ರೀ ಕೆಮಿಸ್ಟ್ರಿಯಲ್ಲಿ ಪಾಸಾದಳು! ಮೊದಲು ಇದೊಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ಕೇಳಲು ನಿಮಗೆ ಪುರುಸೊತ್ತು ಇರಲಿ, ಬಿಡಲಿ. ಇವತ್ತು ಮಧ್ಯಾಹ್ನ ಫಲಿತಾಂಶ ಬಂದಾಗಿನಿಂದ ಬೀದರಿನ ನಮ್ಮ ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗಂತೂ ಎರಡು ಸಲ. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಾಗ ಸಮಾಧಾನ ಹೇಳಲು ಓಡಿಬಂದು ಎರಡೆರಡು ಕಪ್ ಚಹಾ ಕುಡಿದು ಹೋದವರಿಗೆ ಮಾತ್ರ ಇವತ್ತು ಏನೇನೋ ಕೆಲಸ. ಪಾಪ, ದುಃಖದಲ್ಲಿ ಪಾಲು ತೆಗೆದುಕೊಂಡೇ ಅವರ ಸಮಯವೆಲ್ಲ ಮುಗಿದಿರಬೇಕು.

ನಾನು ಔರಾದ್ ಕಡೆಯ ಡಾಬಕಾದಲ್ಲಿ ಮೂರನೆಯ ತರಗತಿಯ ತನಕ ಓದಿದವಳು. ಅದಕ್ಕಿಂತ ಹೆಚ್ಚು ಕಲಿತರೆ ಹೆಣ್ಣುಮಕ್ಕಳ ರೊಟ್ಟಿ ದುಂಡಗಾಗುವುದಿಲ್ಲ ಎಂಬುದು ಆಗಿನ ಹಿರಿಯರ ಸಂಶೋಧನೆ. ಭಾಲ್ಕಿಯಲ್ಲಿರುವ ನನ್ನ ಮಗಳು ಭಾಗ್ಯಶ್ರೀಯನ್ನು ಪಿಯುಸಿಗೆಂದು ನನ್ನ ಹತ್ತಿರ ಕಳಿಸಿದಳು. ಹತ್ತನೆಯ ತನಕ ಕನ್ನಡದಲ್ಲಿ ಕಲಿತ ಹುಡುಗಿಗೆ ಒಮ್ಮೆಲೇ ಎಲ್ಲವೂ ಇಂಗ್ಲಿಷ್. ಹಾಗಾಗಿ ಪ್ರತಿಯೊಂದನ್ನೂ ಕನ್ನಡಕ್ಕೆ ತಿರುಗಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಗೋಡೆಗೆ ಚೌಕಚೌಕದ ದೊಡ್ಡ ಕಾಗದವೊಂದನ್ನು ಅಂಟಿಸಿದ್ದಳು. ಕ್ಯಾಲೆಂಡರ್ ಎಂದು ತಿಳಿದು ನಾನು ಎಂಟು ದಿನ ಅದರಲ್ಲಿ ಅಮಾವಾಸ್ಯೆ ಹುಡುಕಿದೆ. ನೂರಾ ಹದಿನೆಂಟು ದಿನದ ತಿಂಗಳಿಗೆ ಒಂದು ಸಿಲಿಂಡರ್ ಹೇಗೆ ಸಾಕಾದೀತೆಂಬುದೇ ಚಿಂತೆ. ಅದು ಕೆಮಿಸ್ಟ್ರಿಯ ಮೂಲವಸ್ತುಗಳ ಪಟ್ಟಿಯಂತೆ, ಒಂದೊಂದಕ್ಕೆ ಒಂದೊಂದು ಚೌಕ.

ಒಂದು ಸಂಜೆ ಬೇಳೆ ಆರಿಸುತ್ತ ಕೂತಿದ್ದೆ. ಒಳಗಿನಿಂದ ಅವಳ ದನಿ: "ಜಡ ಅನಿಲ ಯಾರ ಜೋಡಿನೂ ಕೂಡಲ್ಲ. ಏನೂ ಕೊಡಲ್ಲ, ಏನೂ ತಗೊಳ್ಳಲ್ಲ. ಕಡೀ ಸಾಲಿನಾಗ ಸುಮ್ಮ ಕೂತಿರ್ತದ."

ನನ್ನ ಅಳಿಯನ ಹೆಸರು ಅನಿಲ. ಅಳಿಯನ ಹೆಸರನ್ನು ಅತ್ತೆ ಎತ್ತಬಾರದೆಂದು ಇಪ್ಪತ್ತು ವರ್ಷದಿಂದ ನಾನು 'ಭಾಲ್ಕಿಯವರು' ಎನ್ನುತ್ತ ಬಂದಿದ್ದೇನೆ. ಇವಳು ಹೆತ್ತಪ್ಪನ ಹೆಸರು ಹಿಡಿದು, ಮೇಲೆ 'ಜಡ' ಎಂಬ ಬಿರುದನ್ನೂ ಕೊಟ್ಟಿದ್ದಾಳೆ! ಮೊರ ಬಿಟ್ಟು ಎದ್ದೆ.

"ಏನಬೇ ಪೋರಿ, ಅಪ್ಪಗ ಜಡ ಅಂತೀ?"

"ಆಯಿ, ಅದು ಗಾಳಿ!"

"ಈಗ ಗಾಳಿ ಬ್ಯಾರೆ ಅಂದಿ? ಫೋನ್ ಹಚ್ಚು, ನಿಮ್ಮವ್ವಗ ಹೇಳ್ತೇನಿ."

ಹುಡುಗಿ ನಕ್ಕು ನಕ್ಕು ಪುಸ್ತಕದ ಮೇಲೇ ಬಿದ್ದಳು. ಅದೊಂದು ಜಾತಿಯ ಗಾಳಿ ಎಂದು ಆಮೇಲೆ ತಿಳಿಯಿತು. ಆದರೂ ಒಂದು ಮಾತು ಒಪ್ಪಬೇಕು, ವರ್ಣನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಭಾಲ್ಕಿಯವರು ಕುರ್ಚಿಯಲ್ಲಿ ಕೂತರೆ ಟಿವಿಗೂ ಅವರಿಗೂ ವ್ಯತ್ಯಾಸ ಒಂದೇ: ಟಿವಿ ಮಾತಾಡುತ್ತದೆ.

ಅಂಥವರು ಮಗಳು ಫೇಲಾದ ದಿನ ಫೋನಿನಲ್ಲಿ ಬಾಯಿ ತೆರೆದರು. "ಸಾಕು. ಮನಿಗಿ ಬರಲಿ." ವರ್ಷಗಟ್ಟಲೆ ಕೂಡಿಟ್ಟ ಮಾತು ಇದು! ಎರಡನೆಯ ಪರೀಕ್ಷೆ ಬೇಡ, ಅವಳು ಆಸೆಪಟ್ಟ ನರ್ಸಿಂಗ್ ಕೂಡ ಬೇಡ. ಭಾಗ್ಯಶ್ರೀ ಗೋಡೆಯ ಕಾಗದ ಕಿತ್ತು ಸುತ್ತಿಟ್ಟಳು. ಆ ಖಾಲಿ ಗೋಡೆಯನ್ನು ನನ್ನಿಂದ ನೋಡಲಾಗಲಿಲ್ಲ. ಮರುದಿನವೇ ಭಾಲ್ಕಿ ಬಸ್ ಹತ್ತಿದೆ. ಹೋಗಿ, ಅಳಿಯನಿಗೂ ಟಿವಿಗೂ ನಡುವೆ ನೆಲದ ಮೇಲೆ ಕೂತೆ.

"ಇನ್ನೊಂದು ಪರೀಕ್ಷಿಗಿ ಹೂಂ ಅನ್ರಿ. ಅಲ್ಲೀತನಾ ನಾ ಏಳಾಂಗಿಲ್ಲ."

ಅವರು ನನ್ನ ಎಡಗಡೆಯಿಂದ ಇಣುಕಿದರು, ಬಲಗಡೆಯಿಂದ ಇಣುಕಿದರು. ದೇವರು ನನಗೆ ಕೊಟ್ಟ ಅಗಲ ಅಂದು ಸಾರ್ಥಕವಾಯಿತು. ಎರಡು ಧಾರಾವಾಹಿ ಮುಗಿದ ಮೇಲೆ "ಹೂಂ" ಅಂದರು.

ಆಮೇಲೆ ಕಾಗದ ಮತ್ತೆ ಗೋಡೆಗೇರಿತು, ಅವಳ ಪ್ರಯೋಗಶಾಲೆ ನಾನೇ. ನನಗೆ ತಿಳಿದರೆ ಯಾರಿಗಾದರೂ ತಿಳಿಯುತ್ತದೆ ಎಂದು ಅವಳ ಲೆಕ್ಕ. ಎಂಥ ಗೌರವ! ಬಂಧ ಅಂದರೆ ಒಬ್ಬರು ಕೊಟ್ಟು ಇನ್ನೊಬ್ಬರು ತೆಗೆದುಕೊಳ್ಳುವುದು ಒಂದು ತರಹ, ಇಬ್ಬರೂ ಹಂಚಿಕೊಳ್ಳುವುದು ಇನ್ನೊಂದು ತರಹ ಅಂದಳು. ಎರಡನೆಯದನ್ನು ನಾನು ಪುಸ್ತಕದಲ್ಲಷ್ಟೇ ಕೇಳಿದ್ದು. ಬಿಸಿ ಹೊರಹಾಕುವ ಕ್ರಿಯೆ ಅಂದಾಗ ಮಾತ್ರ ನಾನು ಬಿಡಲಿಲ್ಲ. "ಸುಣ್ಣದ ಕಲ್ಲಿಗಿ ನೀರು ಸುರದ್ರ ಒಲಿ ಇಲ್ದನೇ ಕೊತಕೊತ ಕುದೀತದಲ್ಲ, ಅದೇನು?" ಹುಡುಗಿ ಕಣ್ಣರಳಿಸಿ ಬರೆದುಕೊಂಡಳು. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದ್ದರಂತೆ, ಅದನ್ನೇ ಬರೆದಳಂತೆ. ಹಾಗಾಗಿ ನಾನೂ ಸ್ವಲ್ಪ ಪಾಸಾದಂತೆಯೇ. ಹಾಲಿನವನಿಗೆ ಎರಡನೆಯ ಸಲ ಹೇಳಿದ್ದು ಇದನ್ನೇ.

ಸಂಜೆ ಮಗಳು, ಅಳಿಯ ಭಾಲ್ಕಿಯಿಂದ ಬಂದರು. ಹೋಳಿಗೆ ಮಾಡಿದೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಅಳಿಯ ಎಂದಿನಂತೆ ಮಾತಿಲ್ಲದೆ ಕೂತರು. ಆದರೆ ತಮ್ಮ ತಾಟಿನ ಹೋಳಿಗೆ ಎತ್ತಿ ಮಗಳ ತಾಟಿಗೆ ಹಾಕಿದರು. ಏನೂ ಕೊಡದವರು! ನಾನು ಭಾಗ್ಯಶ್ರೀಯ ಮುಖ ನೋಡಿದೆ.

"ಆಯಿ, ಜಡ ಅನಿಲನೂ ಒಬ್ಬರಿಗಿ ಬಗ್ಗತದ" ಅಂದಳು ಅವಳು. "ಫ್ಲೋರಿನ್ ಅಂತ. ಎಲ್ಲಾರಕಿಂತ ಹಟಮಾರಿ. ಯಾರ ಹತ್ರ ಏನ ಇರಲಿ, ತನ್ನ ಕಡೀನೇ ಎಳಕೋತದ. ಅದರ ಚೌಕದಾಗ ನಾ ಪೆನ್ಸಿಲ್‌ಲೆ 'ಆಯಿ' ಅಂತ ಬರ್ದೀನಿ."

ಮಗಳು ನಕ್ಕಳು. ಜಡ ಅನಿಲವೂ ನಕ್ಕಿತು, ಸಾರು ನೆತ್ತಿಗೇರುವಷ್ಟು. ಹಿರಿಯಳೆಂಬ ಮರ್ಯಾದೆ ಬೇಡವೇ? ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಕೈ ಚಾಚಿ, "ಅವ್ವಾ, ಆ ತುಪ್ಪ ಸ್ವಲ್ಪ ಈ ಕಡಿ ಸರಸು" ಅಂದಳು. ನೋಡಿದರೆ ತುಪ್ಪದ ಬಟ್ಟಲು, ಹೋಳಿಗೆಯ ಡಬ್ಬಿ, ಉಪ್ಪು, ಉಪ್ಪಿನಕಾಯಿ, ಎಲ್ಲವೂ ನನ್ನ ತಾಟಿನ ಸುತ್ತಲೇ ಇದ್ದವು.